ಹೂಂಗಾರ ಹುಚ್ಚೀರಪ್ಪ ಹಚ್ಚಿದ ಪುರಾಣ

ಓದುವವನಿಗೆ ಒಂದು ನಾಲಿಗೆ ಇದ್ದರೆ ಸಾಕು, ಹೂಂಗುಟ್ಟುವವನಿಗೆ ಮೈಯೆಲ್ಲ ಕಿವಿ ಬೇಕು ಎಂದು ಬಿಳೇಗುಡ್ಡದ ಹಿರಿಯರು ಹೇಳುತ್ತಿದ್ದರು. ಯಲಬುರ್ಗಾ ಕಡೆಯ ಆ ಊರಲ್ಲಿ ಶ್ರಾವಣ ಬಂತೆಂದರೆ ಹನುಮಪ್ಪನ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಮರಿಸ್ವಾಮಿಗಳು ಪೀಠದ ಮುಂದೆ ಕುಳಿತು ಪದ್ಯ ಹಾಡುತ್ತಾರೆ, ಅರ್ಥ ಹೇಳುತ್ತಾರೆ. ಎದುರಿಗೆ ಕಂಬಕ್ಕೆ ಒರಗಿದ ಹುಚ್ಚೀರಪ್ಪ "ಹೂಂ" ಎನ್ನುತ್ತಾನೆ. ಆ ಹೂಂ ಬಿದ್ದ ಮೇಲೆಯೇ ಪುರಾಣ ಮುಂದಿನ ಪದ್ಯಕ್ಕೆ ಹೆಜ್ಜೆ ಇಡಬೇಕು. ಬೀಳದಿದ್ದರೆ ಶ್ರೀರಾಮನೇ ಆಗಲಿ, ಹೊಳೆಯ ಆಚೆ ದಂಡೆಯಲ್ಲೇ ನಿಂತಿರಬೇಕು.

ಹುಚ್ಚೀರಪ್ಪನದು ಸಾಮಾನ್ಯ ಹೂಂ ಅಲ್ಲ. ಯುದ್ಧ ಬಂದರೆ ಎದೆಯಿಂದ, ಮದುವೆ ಬಂದರೆ ಮೂಗಿನಿಂದ, ವನವಾಸ ಬಂದರೆ ಹೊಟ್ಟೆಯ ತಳದಿಂದ ಬರುತ್ತಿತ್ತು. ವನವಾಸದ ಹೂಂ ಕೇಳಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹಗಲೆಲ್ಲ ಪಂಚಾಯ್ತಿಯ ನೀರು ಬಿಡುವ ಕೆಲಸ, ಶ್ರಾವಣದ ಸಂಜೆ ಹೂಂ ಅನ್ನುವ ಕೆಲಸ. ಎರಡರಲ್ಲೂ ಅವನು ಹೆಚ್ಚು ಮಾತಾಡಿದವನಲ್ಲ. ಆದರೆ ಒಳಗೊಂದು ಹುಳ ಇತ್ತು. ಒಂದು ಸಲ, ಒಂದೇ ಸಲ, ತಾನು ಓದಬೇಕು. ಊರು ಹೂಂ ಅನ್ನಬೇಕು.

ಈ ಶ್ರಾವಣದಲ್ಲಿ ಆ ಹುಳಕ್ಕೆ ರೆಕ್ಕೆ ಬಂದವು.

ಪಂಚಾಯ್ತಿ ಮುಂದಿನ ಬೇವಿನ ಮರದಡಿ ಕಾನೂನು ಅರಿವಿನ ಶಿಬಿರ ಆಯಿತು. ಕೊಪ್ಪಳದ ಕಾನೂನು ಸೇವೆಯವರ ಕಡೆಯಿಂದ ಸುಮಂಗಲಾ ಮೇಡಂ ಬಂದಿದ್ದರು.

"ಕೋರ್ಟಂದ್ರ ಅಂಜಬ್ಯಾಡ್ರಿ," ಎಂದರು ಮೇಡಂ. "ಈಗ ಇಡೀ ದೇಶದ ಕೋರ್ಟು ನಿಮ್ಮ ಅಂಗೈಯಾಗ ಐತಿ. ಯಾರ ಮ್ಯಾಲೆ ಯಾರ ಕೇಸು, ಮುಂದಿನ ತಾರೀಖು ಯಾವಾಗ, ಸಾಹೇಬ್ರು ಏನು ಆದೇಶ ಮಾಡ್ಯಾರ, ಎಲ್ಲಾ ಕುಂತಲ್ಲೇ ನೋಡಬಹುದು. ಯಾರಿಗೂ ಕೈಮುಗಿಯೂದು ಬೇಕಾಗಿಲ್ಲ. ಎಲ್ಲಿ, ಯಾರದರ ಫೋನು ಕೊಡ್ರಿ."

ಮುಂದಿನ ಸಾಲಿನಲ್ಲಿದ್ದದ್ದು ಹುಚ್ಚೀರಪ್ಪನ ಫೋನು. ಮೇಡಂ ಅದರೊಳಗೆ ಕೋರ್ಟಿನ ಆ್ಯಪು ಇಳಿಸಿದರು, ಗಂಗಾವತಿ ಕೋರ್ಟಿನ ಒಂದು ದಾವೆ ತೆಗೆದು ತೋರಿಸಿದರು. ಇಬ್ಬರ ಹೇಳಿಕೆ, ಸಾಕ್ಷಿಗಳನ್ನೂ ಎತ್ತಿ ಬರೆದ ಆದೇಶಗಳೆಲ್ಲ ಅಚ್ಚ ಕನ್ನಡದಲ್ಲಿದ್ದವು. "ಇದನ್ನ ಉದಾಹರಣಿಗೆ ಇಟ್ಕೋರಿ ಹುಚ್ಚೀರಪ್ಪ. ಊರಾಗ ನಾಕು ಮಂದಿಗೆ ತಿಳಿಸಿ ಹೇಳ್ರಿ."

ಮೇಡಂ ಇಷ್ಟು ಹೇಳಿ ಜೀಪು ಹತ್ತಿದರು. ಅವರು ಹೇಳಿದ್ದು ಮಾತು, ಹುಚ್ಚೀರಪ್ಪನಿಗೆ ಕೇಳಿಸಿದ್ದು ಅಪ್ಪಣೆ.

ದೈವದ ಲೀಲೆಯೋ ಏನೋ, ಅದೇ ವಾರ ಮರಿಸ್ವಾಮಿಗಳು ಗಂಗಾವತಿಯಲ್ಲಿ ಹಲ್ಲೆಲ್ಲ ಕೀಳಿಸಿಕೊಂಡು ಬಂದರು. ಹೊಸ ಹಲ್ಲಿನ ಕಟ್ಟು ಬರುವುದು ತಡವಿತ್ತು. ಶ್ರಾವಣದ ಮೊದಲ ಸೋಮವಾರ ಗುಡಿ ತುಂಬ ಜನ ಸೇರಿ, ಸ್ವಾಮಿಗಳು ಗಣಪತಿ ಸ್ತುತಿಗೆ ಬಾಯಿ ತೆರೆದರೆ ಅಕ್ಷರಕ್ಕಿಂತ ಮೊದಲು ಗಾಳಿ ಬಂತು, ಗಾಳಿಯ ಹಿಂದೆ ಮಳೆ ಬಂತು. ಮುಂದಿನ ಸಾಲು ಹಿಂದಿನ ಸಾಲಾಯಿತು.

"ಹಂಗಾರ ಈ ವರ್ಷ ಪುರಾಣ ಇಲ್ಲೇನು?" ಎಂದಳು ಕಾಸೀಮಬೀ. ಎಷ್ಟೋ ಶ್ರಾವಣದಿಂದ ಗುಡಿಯ ಕಟ್ಟೆಯ ಮೂಲೆ ಹಿಡಿದು ಪುರಾಣ ಕೇಳುತ್ತ ಬಂದ ಮುದುಕಿ ಆಕೆ. "ನಾ ಹತ್ತಿ ಹೊಸೆಯೂದು ಬಿಟ್ಟು ಬಂದೀನೋ!"

ಹುಚ್ಚೀರಪ್ಪ ಕಂಬ ಬಿಟ್ಟು ಎದ್ದ. ಅವನು ಕಂಬ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಕಂಬವೇ ನಡೆದುಬಂದಂತೆ ಎಲ್ಲರೂ ನೋಡಿದರು.

"ನಾ ಓದ್ತೀನಿ," ಎಂದ.

"ಏನು ಓದ್ತಿ? ನಿನಗ ಬರೂದು ಒಂದ ಅಕ್ಷರ, ಅದೂ ಹೂಂ," ಎಂದಳು ಹೆಂಡತಿ ಪಾರ್ವತೆಮ್ಮ, ಹೆಂಗಸರ ನಡುವಿನಿಂದ.

ಹುಚ್ಚೀರಪ್ಪ ಪೀಠದ ಮೇಲೆ ಫೋನಿಟ್ಟ, ಕುಂಕುಮ ಹಚ್ಚಿದ, ಹೂವೇರಿಸಿದ, ಕಾಯಿ ಒಡೆದ. ಇನ್ನು ಹೂಂ ಅನ್ನುವವರು ಯಾರು ಎಂಬ ಪ್ರಶ್ನೆ ಎದ್ದಿತು. ಹೂಂ ಅನ್ನಲು ಹಲ್ಲು ಬೇಕಾಗಿಲ್ಲ ಎಂದು ಯಾರೋ ಹಿಂದಿನಿಂದ ಕೂಗಿದರು. ಮರಿಸ್ವಾಮಿಗಳನ್ನು ಎತ್ತಿ ತಂದು ಕಂಬಕ್ಕೆ ಒರಗಿಸಲಾಯಿತು.

ಹುಚ್ಚೀರಪ್ಪ ಗಂಟಲು ಸರಿಮಾಡಿಕೊಂಡು ರಾಗ ಎತ್ತಿದ. ರಾಗವೆಲ್ಲ ಸ್ವಾಮಿಗಳದೇ, ಹತ್ತಾರು ವರ್ಷ ಕೇಳಿ ಕೇಳಿ ಮೈಗೆ ಹತ್ತಿದ್ದು. ಮಾತು ಮಾತ್ರ ಕೋರ್ಟಿನದು.

"ವಾ...ದಿ ಭೀಮಕ್ಕ, ಸಾಕಿನ್ ಮರಳಿ, ತಾಲೂಕ ಗಂಗಾ...ವತಿ! ದಾವಾ ಸ್ವತ್ತಿನ ಚಕ್ಕುಬಂದಿ! ಪೂರ್ವಕ್ಕ ಕಾಲುವಿ, ಪಶ್ಚಿಮಕ್ಕ ಗಾಡಿದಾರಿ, ಉತ್ತರಕ್ಕ ಹಳ್ಳ, ದಕ್ಷಿಣಕ್ಕ ಪ್ರತಿವಾದಿ ಶರಣಬಸ...ಮ್ಮ!"

"ದಕ್ಷಿಣ ಅಂದ್ರ ಯಮನ ದಿಕ್ಕು," ಎಂದು ಕಾಸೀಮಬೀ ಪಕ್ಕದವಳಿಗೆ ಅರ್ಥ ಹೇಳಿದಳು. "ಆ ಶರಣಬಸಮ್ಮ ರಾಕ್ಷಸಿ ಇರಬೇಕು ನೋಡು."

ಕತೆ ಇಷ್ಟೇ. ಮರಳಿಯಲ್ಲಿ ಭೀಮಕ್ಕ, ಶರಣಬಸಮ್ಮ ಎಂಬ ಅಕ್ಕತಂಗಿಯರು. ಅಪ್ಪ ಕೊಟ್ಟ ಭತ್ತದ ಗದ್ದೆ ಅಕ್ಕಪಕ್ಕ. ನಡುವಿನ ಬದುವಿನ ಮೇಲೆ ಅಪ್ಪನೇ ನೆಟ್ಟ ತೆಂಗಿನ ಮರ. ಬುಡ ಅಕ್ಕನ ಕಡೆ, ಬಾಗಿ ಹೋದ ತಲೆ ತಂಗಿಯ ಕಡೆ. ಕಾಯಿ ಯಾರವು? ಇದರ ಮೇಲೆ ಇಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟು ಕೋರ್ಟು ಹಿಡಿದಿದ್ದರು.

"ಸದರಿ ತೆಂಗಿನ ಸಸಿಯನ್ನು ವಾದಿಯ ತಂದೆಯವರೇ ನೆಟ್ಟಿರು...ತ್ತಾರೆ," ಎಂದು ಹುಚ್ಚೀರಪ್ಪ ಹಾಡಿದ ಕೂಡಲೆ ಹೆಂಗಸರು ಎದ್ದುಬಿಟ್ಟರು. ಪುರಾಣದಲ್ಲಿ ಯಾರಾದರೂ ಹುಟ್ಟಿದರೆ ಗುಡಿಯಲ್ಲಿ ತೊಟ್ಟಿಲು ಕಟ್ಟಿ ತೂಗುವುದು ಊರಿನ ಪದ್ಧತಿ. ಕೃಷ್ಣನಿಗೆ ಕಟ್ಟಿದವರು ತೆಂಗಿಗೆ ಕಟ್ಟದಿದ್ದರೆ ಹೇಗೆ? ತೊಟ್ಟಿಲು ಬಂತು, ಅದರಲ್ಲಿ ಒಂದು ತೆಂಗಿನಕಾಯಿಗೆ ಕುಲಾಯಿ ತೊಡಿಸಿ ಮಲಗಿಸಿ ಜೋಗುಳ ಹಾಡಿ ಸಕ್ಕರೆ ಹಂಚಿದರು. ಮರಿಸ್ವಾಮಿಗಳು ಹೊಟ್ಟೆಕಿಚ್ಚಿನಿಂದ "ಹೂಂ" ಎಂದರು.

ನಡುವೆ ಫೋನು ಆಗಾಗ ಕಪ್ಪಾಗುತ್ತಿತ್ತು. ಕುಂಕುಮದ ಬೆರಳಿಗೆ ಅದು ತೆರೆಯುತ್ತಿರಲಿಲ್ಲ. ಹುಚ್ಚೀರಪ್ಪ ಧೋತರದಲ್ಲಿ ಬೆರಳು ಒರೆಸುವವರೆಗೂ ಜನ ಕೈಮುಗಿದು, ದೇವರು ಕಣ್ಣು ತೆರೆಯಲೆಂದು ಕಾಯುತ್ತಿದ್ದರು.

ಹೀಗೆ ಸಂಜೆಸಂಜೆಗೂ ಪುರಾಣ ನಡೆಯಿತು. ಊರೆಲ್ಲ ಭೀಮಕ್ಕನ ಪಕ್ಷ. "ಇನ್ನು ಪ್ರತಿವಾದಿಯ ಹೇಳಿಕೆ" ಎಂದು ಹುಚ್ಚೀರಪ್ಪ ರಾಗ ಎತ್ತಿದರೆ, "ಆ ರಾಕ್ಷಸಿ ಮಾತು ಯಾಕ ಬೇಕು? ಮುಂದ ಹೋಗು!" ಎಂದು ಗುಡಿ ಗದ್ದಲವಾಗುತ್ತಿತ್ತು. ಅವನು ಬೆರಳಿನಿಂದ ಪುಟ ಸರಿಸಿ ಮುಂದೆ ಹೋಗುತ್ತಿದ್ದ. ಹೋಗಿ ಹೋಗಿ ಶ್ರಾವಣದ ಕೊನೆಯ ಸೋಮವಾರ ಕೊನೆಯ ಸಾಲಿಗೆ ಬಂದ.

"ಪ್ರಕರಣವನ್ನು... ಮುಂದೂಡಲಾ...ಗಿದೆ. ಮುಂದಿನ ದಿನಾಂಕ..." ಎಂದವನು ರಾಗ ನುಂಗಿದ. ದಿನಾಂಕ ದೀಪಾವಳಿಯ ಆಚೆ ಇತ್ತು.

"ಮುಂದ?" ಎಂದಿತು ಊರು.

"ಮುಂದ ಇಲ್ಲ. ಸಾಹೇಬ್ರು ಇನ್ನೂ ಬರದಿಲ್ಲ."

ಇಷ್ಟು ದಿನ ಬರೀ ಹೂಂ ಅಂದ ಮರಿಸ್ವಾಮಿಗಳು ಆಗ ಎದ್ದು ನಿಂತರು. ಹಲ್ಲಿಲ್ಲದ ಬಾಯಿಯಿಂದ ಬಂದರೂ ಮಾತು ಎಲ್ಲರಿಗೂ ಸ್ಪಷ್ಟವಾಗಿ ತಿಳಿಯಿತು: ಕಾಯಿ ಒಡೆದು ಹಚ್ಚಿದ ಪುರಾಣ ಮಂಗಲ ಆಗದೆ ಪೀಠ ಎತ್ತುವಂತಿಲ್ಲ. ಪೀಠ ಎತ್ತದೆ ಊರಲ್ಲಿ ಯಾರೂ ಮದುವೆ, ನಿಶ್ಚಯಕ್ಕೆ ಹಂದರ ಹಾಕುವಂತಿಲ್ಲ. ಇದು ಅಜ್ಜ ಮುತ್ತಜ್ಜರ ಕಟ್ಟು.

ಪಾರ್ವತೆಮ್ಮ ಅಲ್ಲೇ ಕುಸಿದು ಕೂತಳು. ಯಾಕೆಂದರೆ ಊರಲ್ಲಿ ಆಗ ಹಂದರ ಹಾಕಬೇಕಾಗಿದ್ದದ್ದು ಒಂದೇ ಮನೆಯ ಮುಂದೆ, ಅದು ಅವಳದೇ. ಮಗಳು ಸುಕನ್ಯಾಳಿಗೆ ಕಡಲ ಕಡೆಯದಲ್ಲ, ಪಕ್ಕದ ಹಳ್ಳಿ ಮಂಗಳೂರಿನ ಹುಲಿಗೆಪ್ಪನ ಮಗ ದುರಗೇಶ ಗೊತ್ತಾಗಿದ್ದ. ಹುಡುಗ ಬಸ್ ಕಂಡಕ್ಟರ್. ಪಿತೃಪಕ್ಷ ಹತ್ತುವುದರೊಳಗೆ ನಿಶ್ಚಯ ಆಗಬೇಕಿತ್ತು.

"ಎಲ್ಲಾರೂ ಮಗಳ ಮದುವಿಗೆ ಸಾಲಾ ಅಡ್ಡ ಬಂತು, ಶನಿ ಅಡ್ಡ ಬಂದ ಅಂತಾರ," ಎಂದಳು ಗಂಡನಿಗೆ. "ನಮ್ಮ ಮಗಳಿಗೆ ಯಾರದೋ ಊರಿನ ತೆಂಗಿನ ಮರ ಅಡ್ಡ ಬಿತ್ತಲ್ಲೋ!"

ಸುಕನ್ಯಾ ತೊಟ್ಟಿಲಿಂದ ಆ ಕಾಯಿ ತೆಗೆದು ಕುಲಾಯಿ ಬಿಚ್ಚಿ ಅಪ್ಪನ ಮುಂದೆ ಠಪ್ಪೆಂದು ಇಟ್ಟು ಮನೆಗೆ ಹೋದಳು.

ಮರುದಿನವೇ ಬೀಗರು ಬಂದರು. ಹುಲಿಗೆಪ್ಪ ಮೊಣಕಾಲ ಮೇಲೆ ಕೈಯೂರಿ ಕುಳಿತು, "ಏನೋ ಪುರಾಣಂತಲ್ಲ, ಮುಗಿಯವಲ್ದಂತಲ್ಲ? ನಮ್ಮೂರ ಪುರಾಣ ರಾವಣನ್ನ ಕೊಂದ ದಿನಾನ ಮುಗಿತೈತಿ. ನಿಮ್ಮ ರಾವಣ ಯಾರು?" ಎಂದು ಕೇಳಿದ.

ಹುಚ್ಚೀರಪ್ಪ ಹೇಳಿದ. ಹುಲಿಗೆಪ್ಪನಿಗೆ ನಂಬಿಕೆ ಬರಲಿಲ್ಲ. "ಯಾರದೋ ಕೇಸು ನಿನಗ್ಯಾಕ ತೋರಸ್ತಾರ?" ಎಂದ. "ಎಲ್ಲಾರಿಗೂ ತೋರಸ್ತಾರ, ನೀವೂ ನೋಡ್ರಿ," ಎಂದು ಹುಚ್ಚೀರಪ್ಪ ಬೀಗರ ಫೋನಿನಲ್ಲೂ ತೆಗೆದುಕೊಟ್ಟ. ಅದೇ ತಪ್ಪಾಯಿತು. ಹುಲಿಗೆಪ್ಪ ಚಹಾ ಆರುವವರೆಗೂ ಓದಿದ. ಉಪ್ಪಿಟ್ಟು ಕಲ್ಲಾಗುವವರೆಗೂ ಓದಿದ. ಕಡೆಗೆ ತಲೆ ಎತ್ತಿ, "ಶರಣಬಸಮ್ಮಂದು ಖರೇ ಐತಿ," ಎಂದ.

"ಅದ್ಹೆಂಗ್ರಿ ಬೀಗರ? ಬುಡ ಎಲ್ಲೈತೋ ಮರ ಅಲ್ಲೀದು!"

"ತಲಿ ಎಲ್ಲೈತೋ ಕಾಯಿ ಅಲ್ಲಿ ಬೀಳ್ತಾವ! ಬಿದ್ದು ತಲಿ ಒಡದ್ರ ಯಾರ ತಲಿ? ಶರಣಬಸಮ್ಮಂದು!"

"ನೀರು ಕುಡಿಯೂದು ಬುಡಾರೀ! ನಾ ನೀರು ಬಿಡಾಂವ, ನನಗ ಹೇಳ್ತೀರಿ?"

"ಹಂಗಾರ ನಿನ್ನ ಮಗಳ ಬುಡ ಬಿಳೇಗುಡ್ಡದಾಗ ಐತಿ. ಲಗ್ನಾದ ಮ್ಯಾಲೂ ನಿನ್ನ ಮನ್ಯಾಗ ಇರ್ತಾಳೇನು?"

ಹುಲಿಗೆಪ್ಪ ರುಮಾಲು ಕೊಡವಿ ಎದ್ದ. "ಪಿತೃಪಕ್ಷ ಹತ್ತೂದ್ರೊಳಗ ಮಂಗಲ ಆತೋ ಬರ್ತೀವಿ. ಇಲ್ಲಂದ್ರ ಕುಷ್ಟಗಿ ಕಡೆ ಒಂದು ಹೆಣ್ಣು ಐತಿ. ಅವರ ಊರಾಗ ಪುರಾಣಾನ ಹಚ್ಚೂದಿಲ್ಲ," ಎಂದು ಮೋಟರ್ ಸೈಕಲ್ಲು ಒದ್ದ.

ಹುಚ್ಚೀರಪ್ಪ ಆ ಬೆಳಿಗ್ಗೆಯೇ ಗಂಗಾವತಿ ಬಸ್ಸು ಹತ್ತಿದ. ಕೋರ್ಟಿನ ಬಾಗಿಲ ಬಳಿ ಸಾರ್ವಜನಿಕರಿಗೆ ಮಾಹಿತಿ ಹೇಳುವ ಕಿಟಕಿ ಇತ್ತು. ಒಳಗೆ ಅಬ್ದುಲರೌಫ ಎಂಬ ಗುಮಾಸ್ತ ಕಂಪ್ಯೂಟರಿನ ಮುಂದೆ ಕುಳಿತಿದ್ದ.

"ಈ ಕೇಸು ಲಗೂನ ಮುಗಸ್ರಿ," ಎಂದು ಹುಚ್ಚೀರಪ್ಪ ಫೋನು ಒಡ್ಡಿದ.

"ನೀವು ವಾದೀನ್ರೀ?"

"ಅಲ್ರಿ."

"ಪ್ರತಿವಾದಿ?"

"ಶಿವ ಶಿವಾ! ಆಕಿ ಹೆಣ್ಮಗಳ್ರಿ."

"ಸಾಕ್ಷಿ ಏನು?"

"ಅಲ್ರಿ. ನಾ ಓದಾಂವ."

"ವಕೀಲಿ ಓದೀರೇನು?"

"ಇಲ್ರಿ, ಕೇಸು ಓದೀನಿ. ರಾಗವಾಗಿ. ಊರು ಹೂಂ ಅಂದೈತಿ. ಈಗ ಮಂಗಲಕ್ಕ ನಿಂತೈತಿ."

ಅಬ್ದುಲರೌಫ ಕನ್ನಡಕ ತೆಗೆದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಕೇಸು ನಿಲ್ಲಿಸಿರಿ ಅಂದವರನ್ನು, ಎಳೆಯಿರಿ ಅಂದವರನ್ನು ಕಂಡಿದ್ದ. ಕೇಸಿಗೆ ಮಂಗಳಾರತಿ ಬೇಕೆಂದು ಬಂದವರನ್ನು ಕಂಡಿರಲಿಲ್ಲ. "ನಾವು ಮಾಹಿತಿ ಅಷ್ಟ ಕೊಡ್ತೀವಿ ಯಜಮಾನ್ರ. ಮುಗಸೂದು ನಮ್ಮ ಕೈಯಾಗಿಲ್ಲ," ಎಂದ.

"ಅರ್ಧಾ ಪುರಾಣ ಕೊಟ್ಟು ಉಳದದ್ದು ನಮ್ಮ ಕೈಯಾಗಿಲ್ಲ ಅಂದ್ರ ಹೆಂಗ್ರಿ? ಒಂದೋ ಕೊಡಬಾರದಿತ್ತು, ಒಂದೋ ಪೂರ್ತಿ ಕೊಡಬೇಕಿತ್ತು!"

ಈ ವಾದಕ್ಕೆ ಸರತಿಯಲ್ಲಿ ನಿಂತ ನಾಲ್ಕಾರು ಮಂದಿ ಹೌದೌದು ಎಂದರು. ಗುಮಾಸ್ತ ದನಿ ತಗ್ಗಿಸಿ, "ಬರೋ ಶನಿವಾರ ಲೋಕ ಅದಾಲತ್ ಐತಿ. ಇಬ್ಬರೂ ರಾಜಿ ಆದ್ರ ಅವತ್ತ ಮುಗಿತೈತಿ. ಆದ್ರ ಆ ಅಕ್ಕತಂಗಿ? ಕೋರ್ಟಿನ ಬೆಂಚಿಗೂ ಇಬ್ಬರೂ ಬೆನ್ನು ತಿರುಗಿಸಿ ಕುಂದ್ರತಾರ. ಒಬ್ಬಾಕಿ ಸಾಕ್ಷಿ ಹೇಳೂ ಮುಂದ ಇನ್ನೊಬ್ಬಾಕಿ ಹೊರಗ ಹೋಗಿ ಬಾಳಿಹಣ್ಣು ತಿಂತಾಳ," ಎಂದ.

ಊರಿಗೆ ತಿರುಗಿ ಬಂದ ಹುಚ್ಚೀರಪ್ಪ ಅವರನ್ನು ರಾಜಿಗೆ ಒಪ್ಪಿಸಲು ಮರುದಿನ ತಾನು ಒಬ್ಬನೇ ಮರಳಿಗೆ ಹೋಗುವುದೆಂದುಕೊಂಡಿದ್ದ. ಆದರೆ ಸುದ್ದಿ ಕೇಳಿ ಅರ್ಧ ಊರು ಟೆಂಪೋ ಹತ್ತಿತು. ಮರಿಸ್ವಾಮಿಗಳು ಮಾತ್ರ ಬರಲಿಲ್ಲ. ಅವತ್ತೇ ಅವರ ಹೊಸ ಹಲ್ಲು ಬರುವುದಿತ್ತು. ಮರಳಿಯ ಗದ್ದೆಯ ಬಳಿ ಟೆಂಪೋ ನಿಂತಾಗ ಹೆಂಗಸರು ಇಳಿದವರೇ ತೆಂಗಿನ ಮರಕ್ಕೆ ಅಡ್ಡಬಿದ್ದರು.

"ಇದ ನೋಡವಾ ಕಾಲುವಿ, ಪೂರ್ವಕ್ಕ! ಅದ ಹಳ್ಳ! ಎಲ್ಲಾ ಓದಿದಂಗ ಐತಿ!" ಎಂದು ಕಾಸೀಮಬೀ ಕಾಶಿ ಕಂಡವರಂತೆ ಕಣ್ಣರಳಿಸಿದಳು. ಪಾರ್ವತೆಮ್ಮ ಬುಡಕ್ಕೆ ಅರಿಷಿಣ ಕುಂಕುಮ ಏರಿಸಿ, "ಇಷ್ಟುದ್ದ ಇದ್ದಿ, ತೊಟ್ಟಿಲಾಗ ಹೆಂಗ ಹಿಡಿಸಿದ್ಯೋ ಎಪ್ಪಾ," ಎಂದಳು.

ಬದುವಿನ ಉತ್ತರದಿಂದ ಭೀಮಕ್ಕ ಓಡಿಬಂದಳು, ದಕ್ಷಿಣದಿಂದ ಶರಣಬಸಮ್ಮ. ಒಬ್ಬಳ ಕೈಯಲ್ಲಿ ಕುಡಗೋಲು, ಒಬ್ಬಳ ಕೈಯಲ್ಲಿ ಭತ್ತದ ಸಸಿ.

"ಯಾರು ನೀವು? ನಮ್ಮ ಮರಕ್ಕ ಯಾಕ ಕುಂಕುಮ ಹಚ್ಚಾಕ ಹತ್ತೀರಿ?" ಎಂದಳು ಭೀಮಕ್ಕ.

"ಯವ್ವಾ ಭೀಮಕ್ಕಾ!" ಎಂದು ಕಾಸೀಮಬೀ ಅವಳ ಗಲ್ಲ ಸವರಿ ಲಟಿಕೆ ಮುರಿದಳು. "ಎಷ್ಟು ಸೊರಗೀಯವ್ವಾ! ಈ ರಾಕ್ಷಸಿ ನಿನಗ ಎಷ್ಟು ಗೋಳು ಕೊಟ್ಟಾಳು! ಪಂಪ್‌ಸೆಟ್ಟಿನ ವಾಯರ್ ಕತ್ತರಿಸಿದ್ದು, ನಿನ್ನ ಗಂಡಗ ಹೆಬ್ಬೆಟ್ಟು ಅಂದಿದ್ದು, ಎಲ್ಲಾ ನಮಗ ಗೊತ್ತೈತಿ!"

ಭೀಮಕ್ಕನ ಮುಖ ಕೆಂಪಾಯಿತು, ಕಪ್ಪಾಯಿತು. "ನಮ್ಮ ಮನೀ ಮಾತು ನಿಮಗ ಹೆಂಗ ಗೊತ್ತು?"

"ಎಲ್ಲಾ ಇದರಾಗ ಐತಿ. ಇಡೀ ದೇಶಕ್ಕ ಐತಿ," ಎಂದು ಹುಚ್ಚೀರಪ್ಪ ವಿನಯದಿಂದ ಫೋನು ಎತ್ತಿ ತೋರಿಸಿದ.

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ವರ್ಷಗಳ ಮೇಲೆ ಮೊದಲ ಸಲ ನೋಡಿದರು. ಭೀಮಕ್ಕನ ಬಾಯಿಂದ ಮಾತು ಹೊರಟಿತು.

"ಶರಣೀ, ಆ ಕೋಲು ತಾ."

"ದೊಡ್ಡದು ತರಲೋ ಅಕ್ಕಾ, ಸಣ್ಣದೋ?"

ಬಿಳೇಗುಡ್ಡದವರು ಟೆಂಪೋ ಕಡೆ ಓಡಿದರು. ಹುಚ್ಚೀರಪ್ಪನಿಗೆ ಓಡಲು ಆಗಲಿಲ್ಲ. ಕೆಸರಿನಲ್ಲಿ ಅವನ ಚಪ್ಪಲಿ ಹೂತಿತ್ತು. ಕೋಲು ಎತ್ತಿದ ಇಬ್ಬರು ಅಕ್ಕತಂಗಿಯರ ನಡುವೆ, ತೆಂಗಿನ ಬುಡಕ್ಕೆ ಬೆನ್ನು ಹಚ್ಚಿ ನಿಂತು, ಅವನಿಗೆ ಬೇರೆ ಏನೂ ತೋಚದೆ ಫೋನು ನೋಡಿ ಓದತೊಡಗಿದ. ಬೆರಳು ಜಾರಿ ಯಾವುದೋ ಪುಟ ತೆರೆದಿತ್ತು. ಗುಡಿಯಲ್ಲಿ ಜನ ಓದಗೊಡದ ಪುಟ.

"ಪಾಟೀಸವಾಲಿನಲ್ಲಿ ಪ್ರತಿವಾದಿಯು ಹೇಳಿರು...ವುದೇನೆಂದರೆ, ಸಣ್ಣವರಿದ್ದಾಗ ಸದರಿ ಮರದ ಎಳನೀರನ್ನು ತಂದೆಯವರು ಕೆಡವುತ್ತಿದ್ದರು. ನೀರನ್ನು ಅಕ್ಕ ಕುಡಿಯುತ್ತಿದ್ದಳು. ಗಂಜಿಯನ್ನು ತನಗೆ ಕೆರೆದು ತಿನ್ನಿಸು...ತ್ತಿದ್ದಳು. ಈಗಲೂ ಅಕ್ಕ ಬಂದು ಕೇಳಿದರೆ ಇಡೀ ಮರ ಬಿಟ್ಟುಕೊಡಲು ತಾನು ತಯಾರಿ...ದ್ದೇನೆ. ಆದರೆ ಆಕೆ ಕೇಳಿರುವುದಿ...ಲ್ಲ."

ರಾಗ ನಿಂತಿತು. ಪದ್ಯ ಮುಗಿದಿತ್ತು, ಹೂಂ ಬೀಳಬೇಕಿತ್ತು. ಹೂಂ ಅನ್ನುವ ಸ್ವಾಮಿಗಳು ಊರಲ್ಲಿ ಹಲ್ಲು ಕೂರಿಸಿಕೊಳ್ಳುತ್ತಿದ್ದರು. ಹುಚ್ಚೀರಪ್ಪ ಕಾಯ್ದ. ಗಾಳಿಗೆ ಗರಿ ಅಲ್ಲಾಡಿದವು.

"ಹೂಂ," ಎಂದಳು ಶರಣಬಸಮ್ಮ, ಸಣ್ಣಗೆ.

ಭೀಮಕ್ಕ ಕೋಲು ಕೆಳಗಿಟ್ಟಳು. "ಹಿಂಗ ಅಂದಿದ್ಯೇನ? ಯಾವಾಗ?"

"ನೀ ಬಾಳಿಹಣ್ಣು ತಿನ್ನಾಕ ಹೋದಾಗ."

"ನಮ್ಮ ವಕೀಲ ಹೇಳಲೇ ಇಲ್ಲಲ್ಲ!"

"ನೀ ಕೇಳಿದ್ಯೇನು?"

ಇಬ್ಬರೂ ಅಳಲು ಶುರುಮಾಡಿದರು. ಟೆಂಪೋದಲ್ಲಿದ್ದ ಕಾಸೀಮಬೀ ತಲೆ ಹೊರಗೆ ಹಾಕಿ, "ಏ ಹುಚ್ಚೀರಪ್ಪಾ, ಈ ಪದ್ಯ ಯಾಕ ಓದಲಿಲ್ಲೋ ನಮಗ?" ಎಂದು ಬೈದಳು.

ಶನಿವಾರ ಗಂಗಾವತಿಯ ಲೋಕ ಅದಾಲತ್ತಿನಲ್ಲಿ ಜಾಗ ಸಾಲಲಿಲ್ಲ. ಒಂದು ತೆಂಗಿನ ಮರದ ದಾವೆಗೆ ಇಷ್ಟು ಮಂದಿ ಯಾಕೆ ಎಂದು ಸಾಹೇಬರು ಕೇಳಿದರು. ಮೂಲೆಯಲ್ಲಿ ನಿಂತ ಸುಮಂಗಲಾ ಮೇಡಂ ಹುಚ್ಚೀರಪ್ಪನನ್ನು ಕಂಡು ನೆಲ ನೋಡಿದರು. ಕಡೆಗೆ ಸಾಹೇಬರು ರಾಜಿಯನ್ನು ಬರೆಸಿದರು: ಮರ ಇಬ್ಬರಿಗೂ ಸೇರಿದ್ದು, ಎಳನೀರಿನ ನೀರು ವಾದಿಗೆ, ಗಂಜಿ ಪ್ರತಿವಾದಿಗೆ. ಬರೆಸಿ ಮುಗಿಸಿ ತಲೆಯೆತ್ತಿದರೆ ಇಡೀ ಸಭಾಂಗಣ ಒಂದೇ ದನಿಯಲ್ಲಿ "ಹೂಂ" ಎಂದಿತು. ಸಾಹೇಬರ ಪೆನ್ನು ಕೆಳಗೆ ಬಿತ್ತು. ಫೋನಿನಲ್ಲಿ ಪ್ರಕರಣ ವಿಲೇವಾರಿ ಎಂದು ಏರಿತು.

ಅದೇ ಸಂಜೆ ಬಿಳೇಗುಡ್ಡದಲ್ಲಿ ಮಂಗಲ. ಅದರ ಬೆನ್ನಿಗೇ ನಿಶ್ಚಯ. ಕೇಸು ಮುಗಿದದ್ದರಿಂದ ಸ್ವಾಮಿಗಳೇ ಒಪ್ಪಿ ಗುಡಿಯ ಮುಂದೆ ಹಂದರ ಹಾಕಿಸಿದ್ದರು. ಹುಲಿಗೆಪ್ಪ ಬಂದವನೇ "ನಾ ಅಂದಿದ್ದಿಲ್ಲ, ಶರಣಬಸಮ್ಮಂದು ಖರೇ ಐತಿ ಅಂತ?" ಎಂದು ಎಲ್ಲರಿಗೂ ಹೇಳುತ್ತ ತಿರುಗಿದ. ದುರಗೇಶ ಟಿಕೆಟ್ ಹರಿಯುವವನಂತೆ ಬೆರಳಾಡಿಸುತ್ತ ಕುಳಿತಿದ್ದ. ಸುಕನ್ಯಾ ಮೊದಲ ಸಲ ನಕ್ಕಳು. ಮರಿಸ್ವಾಮಿಗಳು ಹೊಸ ಹಲ್ಲು ಝಳಪಿಸುತ್ತ ಪೀಠ ಏರಿದರು. ಹುಚ್ಚೀರಪ್ಪ ಸುಮ್ಮನೆ ಹೋಗಿ ತನ್ನ ಕಂಬಕ್ಕೆ ಒರಗಿದ.

ಮರಳಿಯಿಂದ ಅಕ್ಕತಂಗಿಯರು ಅದೇ ಮರದ ಒಂದು ಬಲಿತ ಕಾಯಿ ತಂದಿದ್ದರು. ಸ್ವಾಮಿಗಳು ಆರತಿ ಹಾಡಿ ಕಾಯಿ ಒಡೆದರು. ಎರಡು ಹೋಳು ಆಯಿತು. ಒಂದಕ್ಕೆ ಜುಟ್ಟು ಇತ್ತು, ಒಂದಕ್ಕೆ ಇರಲಿಲ್ಲ.

ಭೀಮಕ್ಕನ ಕೈ ಜುಟ್ಟಿನ ಹೋಳಿನ ಕಡೆ ಹೋಯಿತು. ಶರಣಬಸಮ್ಮನ ಕೈಯೂ ಹೋಯಿತು.

"ಜುಟ್ಟಿಂದು ಹಿರ್ಯಾರಿಗೆ," ಎಂದಳು ಅಕ್ಕ.

"ಕೋರ್ಟಿನಾಗ ಎಳನೀರಂದಷ್ಟ ಬರದಾರ. ಬಲತ ಕಾಯಿದು ಏನೂ ಬರದಿಲ್ಲ," ಎಂದಳು ತಂಗಿ.

ಹುಲಿಗೆಪ್ಪ ಫೋನು ತೆಗೆದ. ಕಾಸೀಮಬೀ ಮುಂದಿನ ಸಾಲಿಗೆ ಜರುಗಿ ಕುಳಿತಳು. ಮುಂದಿನ ತಾರೀಖಿನ ನೆರಳು ಹುಚ್ಚೀರಪ್ಪನ ಮುಖದ ಮೇಲೆ ಹಾದುಹೋಯಿತು.

ಪಾರ್ವತೆಮ್ಮ ಎದ್ದಳು. ಎರಡೂ ಕೈಗಳ ನಡುವಿನಿಂದ ಎರಡೂ ಹೋಳು ಕಸಿದುಕೊಂಡಳು, ಈಳಿಗೆಮಣೆಯ ಮೇಲೆ ಕುಳಿತು ಹೆರೆಯತೊಡಗಿದಳು. ನೋಡ ನೋಡುತ್ತ ಜುಟ್ಟಿನದು, ಜುಟ್ಟಿಲ್ಲದ್ದು ಒಂದೇ ಪರಾತದಲ್ಲಿ ಬಿಳಿ ಗುಡ್ಡೆಯಾಯಿತು. ಮೇಲೆ ಸಕ್ಕರೆ ಸುರಿದು ಕಲಸಿ ಪರಾತವನ್ನು ಅಕ್ಕತಂಗಿಯರ ಮುಂದೆ ನೂಕಿದಳು.

"ಬುಡದ್ದು ಯಾವುದು, ತಲೀದು ಯಾವುದು, ಆರಿಸಿಕೊಳ್ರಿ ಈಗ. ಆರಿಸೂದು ಆಗಲಿಲ್ಲಂದ್ರ ಎಲ್ಲಾರಿಗೂ ಹಂಚ್ರಿ."

ಮರಿಸ್ವಾಮಿಗಳು ಕಂಬದ ಕಡೆ ನೋಡಿದರು.

ಹುಚ್ಚೀರಪ್ಪ ಹೊಟ್ಟೆಯ ತಳದಿಂದ ಎಳೆದು, ಎದೆಯಲ್ಲಿ ತುಂಬಿಕೊಂಡು, ಮೂಗಿನಿಂದ ಬಿಟ್ಟ:

"ಹೂಂ!"